ಮೀನಿಲ್ಲದ ಸಮುದ್ರ

ಡಾಕ್ಟರಿಗೇನು, ಒಂದು ಮಾತು ಅಂದು ಮುಂದಿನ ಪೇಷಂಟನ್ನು ಕರೆದುಬಿಡುತ್ತಾರೆ. ಅನುಭವಿಸುವವರು ನಾವು. ಇನ್ನು ಮೇಲೆ ಒಗ್ಗರಣೆಗೆ ಆಲಿವ್ ಎಣ್ಣೆಯನ್ನೇ ಬಳಸಬೇಕೆಂದು ಅವರು ಅಪ್ಪಣೆ ಕೊಡಿಸಿದ ದಿನದಿಂದ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಹಸಿರು ಬಾಟಲಿಯೊಂದು ಬೀಗತಿಯ ಹಾಗೆ ಸೆಟೆದು ನಿಂತಿದೆ. ಅದರಲ್ಲಿ ಸಾಸಿವೆ ಮನಸ್ಸಿಟ್ಟು ಸಿಡಿಯುವುದಿಲ್ಲ. ಇಂಗು ಹಾಕಿದರೆ ಇಂಗಿನ ವಾಸನೆ ಬರುವುದಿಲ್ಲ, ಎಣ್ಣೆಯ ವಾಸನೆ ಬರುತ್ತದೆ. ಮೆಂತ್ಯದ ಪಲ್ಯ ಬಾಯಿಗಿಟ್ಟ ನನ್ನ ಯಜಮಾನರು ಇದು ಪಲ್ಯವೋ ಔಷಧವೋ ಎಂದು ಕೇಳಲು ಹೊರಟು, ನನ್ನ ಮುಖ ನೋಡಿ, ಸುಮ್ಮನೆ ಊಟ ಮುಗಿಸಿದರು. ಇದನ್ನೆಲ್ಲ ಹೇಗೋ ಸಹಿಸಿಕೊಂಡೇನು. ಸಹಿಸಲಾಗದ್ದು ಬಾಟಲಿಯ ಮೇಲಿನ ಚಿತ್ರ. ಎರಡು ಬೋಳು ಕಲ್ಲುಗುಡ್ಡ, ಅವುಗಳ ಸಂದಿಯಲ್ಲಿ ಒಳಗೆ ಬಂದು ತಣ್ಣಗೆ ಕೂತ ಸಮುದ್ರ, ದಂಡೆಗೆ ಒಂದು ದೋಣಿ. ನೋಡಿದ ಕೂಡಲೇ ನನಗೆ ತಲೆನೋವು ಹಿಡಿಯುತ್ತದೆ.

ನಾನು ಸಮುದ್ರ ದಾಟಿದವಳಲ್ಲ. ಹುಬ್ಬಳ್ಳಿಯ ಆಚೆ ಹೋದದ್ದನ್ನೇ ಒಂದು ಪ್ರವಾಸವೆಂದು ಲೆಕ್ಕ ಹಿಡಿಯುವ ಮನೆತನ ನಮ್ಮದು. ಆದರೂ ಭೂಮಧ್ಯ ಸಮುದ್ರದ ಯಾವುದೋ ನಡುಗಡ್ಡೆಯ, ಯಾವುದೋ ಮೂಲೆಯ ಒಂದು ಪುಟ್ಟ ಕೊಲ್ಲಿಯಲ್ಲಿ ಬೆಳಗಿನ ಬಿಸಿಲು ಮೊದಲು ಯಾವ ಗುಡ್ಡದ ಮೇಲೆ ಬೀಳುತ್ತದೆ, ಅಲ್ಲಿಯ ಮುದುಕಿಯರು ಅಂಜೂರವನ್ನು ಯಾವ ತಡಿಕೆಯ ಮೇಲೆ ಒಣಗಿಸುತ್ತಾರೆ, ಅಲ್ಲಿಯ ಆಡುಗಳಿಗೆ ಯಾವ ಮರದ ಕಾಯಿ ಪ್ರೀತಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹೇಳಬಾರದೆಂದರೂ ಬಾಯಿಗೆ ಬರುತ್ತದೆ. ಇದಕ್ಕೆಲ್ಲ ಕಾರಣ ನಮ್ಮ ಗುರುಕಾಕಾ.

ಗುರುಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಊರು ಕುಂದಗೋಳ ತಾಲೂಕಿನ ಸಂಶಿ. ಎರೆಮಣ್ಣಿನ ನಾಡು. ಮಳೆ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು, ಬರದಿದ್ದರೆ ನೆಲ ಬಿರಿದು ಆ ಬಿರುಕಿನಲ್ಲಿ ಚಪ್ಪಲಿ ಹುಡುಕಬೇಕು. ಅಂಥ ಊರಿನಿಂದ ಕಾಕಾ ಹುಬ್ಬಳ್ಳಿಗೆ ಹೋಗಿ ಎಂಜಿನ್ ಕೆಲಸ ಕಲಿತ, ಅಲ್ಲಿಂದ ಮುಂಬಯಿಗೆ ಹೋದ, ಅಲ್ಲಿಂದ ಯಾರ ಕೈಕಾಲು ಹಿಡಿದನೋ ಏನೋ, ಸರಕು ಸಾಗಿಸುವ ಹಡಗಿನ ಎಂಜಿನ್ ಕೋಣೆಯೊಳಗೆ ಸೇರಿಕೊಂಡ. ಕೆಲವು ವರ್ಷ ಕಳೆದ ಮೇಲೆ ನಮ್ಮ ಅಜ್ಜ ತೀರಿಕೊಂಡಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಬಾಜುಕ್ಕೆ ಹಿಟ್ಟಿನ ಗಿರಣಿ ಹಾಕಿದ. ಹಡಗಿನ ಎಂಜಿನ್ನಿಗೂ ಗಿರಣಿ ಎಂಜಿನ್ನಿಗೂ ಬಹಳ ಫರಕಿಲ್ಲ ಎಂದು ಅವನು ಹೇಳುತ್ತಿದ್ದ. ಫರಕು ಇಷ್ಟೇ, ಆ ಎಂಜಿನ್ನು ಎಲ್ಲಿಗಾದರೂ ಹೋಗಿ ಮುಟ್ಟುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ.

ಅವನ ಹಡಗು ಒಮ್ಮೆ ಆ ಸಮುದ್ರದ ನಡುವೆ ಕೆಟ್ಟು ನಿಂತಿತಂತೆ. ಯಾವುದೋ ಸಾಮಾನು ದೂರದ ಊರಿನಿಂದ ಬರಬೇಕು, ಅದು ಬರುವತನಕ ಒಂದು ನಡುಗಡ್ಡೆಯ ಹತ್ತಿರ ಲಂಗರು ಹಾಕಿ ಕೂಡಬೇಕು. ಆ ನಡುಗಡ್ಡೆಯ ಹೆಸರು ಹೇಳು ಎಂದರೆ ಕಾಕಾ ಪ್ರತಿ ಸಲ ಒಂದೊಂದು ಥರ ಹೇಳುತ್ತಿದ್ದ. ನನ್ನ ಶಾಲೆಯ ನಕ್ಷೆಯಲ್ಲಿ ಅವು ಒಂದೂ ಇರಲಿಲ್ಲ. ಉಳಿದ ಕೆಲಸಗಾರರು ದೊಡ್ಡ ಬಂದರಿನ ಕಡೆ ಕುಡಿಯಲು ಹೋದರೆ ಇವನು ಆಡು ತಿರುಗಾಡುವ ದಾರಿ ಹಿಡಿದು ಗುಡ್ಡ ಹತ್ತಿ ಆ ಕಡೆ ಇಳಿದ. ಇಳಿದರೆ ಅಲ್ಲಿ ಆ ಕೊಲ್ಲಿ. ಬಂಡಿಯ ದಾರಿಯೂ ಇಲ್ಲದ ಜಾಗ. ದೋಣಿಗಳನ್ನು ಇಡಲು ಬಂಡೆಯಲ್ಲೇ ಸಾಲಾಗಿ ಕೋಣೆಗಳನ್ನು ಕೊರೆದಿದ್ದರಂತೆ, ಒಂದೊಂದರ ಬಾಗಿಲಿಗೂ ನೀಲಿ ಬಣ್ಣ. ಆ ಕೋಣೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವ ಆಸ್ತಿಯಂತೆ. ಗುಡ್ಡದ ತುದಿಗೆ ಕಡಲುಗಳ್ಳರನ್ನು ಕಾಯಲು ಹಳೆಯ ಕಾಲದವರು ಕಟ್ಟಿದ ದುಂಡನೆಯ ಗೋಪುರ. "ನಮ್ಮ ಊರ ಹುಡೇವು ಇದ್ದಂಗs ಐತಿ" ಎನ್ನುತ್ತಿದ್ದ ಕಾಕಾ. ಹಿಂದೆ ಊರು ಕಾಯಲು ಕಟ್ಟಿದ ಆ ಮಣ್ಣಿನ ಬುರುಜು, ನಮ್ಮೂರಿನ ಹುಡೇವು, ಅರ್ಧ ಕುಸಿದು ಅದರೊಳಗೆ ನಾಯಿ ಮರಿ ಹಾಕಿತ್ತು.

ಇಷ್ಟಕ್ಕೆ ಬಿಟ್ಟಿದ್ದರೆ ನಾವೂ ಖುಷಿಯಿಂದ ಕೇಳಿ ಮರೆಯುತ್ತಿದ್ದೆವು. ಟಿ.ವಿ. ಇನ್ನೂ ಊರಿಗೆ ಬಂದಿರಲಿಲ್ಲ, ಕಥೆಗೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ಕಾಕಾನ ರೋಗ ಬೇರೆ. ಅವನಿಗೆ ನಮ್ಮಲ್ಲಿ ಏನು ಕಂಡರೂ ಅಲ್ಲಿಯದು ನೆನಪಾಗಬೇಕು. ಹೊಲದ ಒಡ್ಡಿನ ಮೇಲೆ ನಡೆದರೆ ಅವರು ಗುಡ್ಡದ ಮೇಲೆ ಸುಣ್ಣ ಮಣ್ಣು ಏನೂ ಇಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಒಡ್ಡು. ಹುಣಸೆಕಾಯಿ ಕಂಡರೆ ಅಲ್ಲಿಯ ಒಂದು ಮರದ ಕರೀ ಕಾಯಿ, ಅದನ್ನು ಬರಗಾಲದಲ್ಲಿ ಮಂದಿಯೂ ತಿನ್ನುತ್ತಾರೆ. ಇನ್ನು ಊಟಕ್ಕೆ ಕೂತರಂತೂ ಮುಗಿದೇ ಹೋಯಿತು. ಅಲ್ಲಿ ಅವರು ವಾರಕ್ಕೊಮ್ಮೆ ರೊಟ್ಟಿ ಸುಟ್ಟು ಒಣಗಿಸಿ ಇಡುತ್ತಾರೆ, ನಮ್ಮ ಕಟಕ ರೊಟ್ಟಿಯ ಹಾಗೆ. ಅದನ್ನು ನೀರಲ್ಲಿ ತೋಯಿಸಿ, ಟೊಮೆಟೊ ತಿಕ್ಕಿ, ಎಣ್ಣೆ ಸುರಿದು, ಉಪ್ಪು ಉದುರಿಸಿ ತಿನ್ನುತ್ತಾರೆ. ಅವ್ವ ಬೆಳಗ್ಗೆ ಎದ್ದು ಎಣಗಾಯಿ ಮಾಡಿರುತ್ತಿದ್ದಳು. ಇವನು ಎಲ್ಲವನ್ನೂ ಬದಿಗೆ ಸರಿಸಿ, ಕಟಕ ರೊಟ್ಟಿಯ ಮೇಲೆ ನೀರು ಚಿಮುಕಿಸಿ ಟೊಮೆಟೊ ತಿಕ್ಕುತ್ತ ಕೂಡುತ್ತಿದ್ದ. ಅವ್ವ ಒಮ್ಮೆ ಎಣಗಾಯಿಯ ಬೋಗುಣಿಯನ್ನು ಅವನ ಮುಂದಿನಿಂದ ಎತ್ತಿಕೊಂಡು ಹೋಗಿ ಎಮ್ಮೆಯ ಮುಂದೆ ಇಡುತ್ತೇನೆಂದು ಹೆದರಿಸಿದಳು. ಎಮ್ಮೆ ಕನಿಷ್ಠ ಕಥೆ ಹೇಳುವುದಿಲ್ಲ ಎಂದಳು.

ಗಿರಣಿಗೆ ಬಂದ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಜೋಳದ ಡಬ್ಬಿ ಇವನ ಕೈಗೆ ಕೊಟ್ಟ ಮೇಲೆ ಹಿಟ್ಟಾಗಿ ಬರುವತನಕ ಅವರು ಎಲ್ಲಿಗೆ ಹೋದಾರು? ಎಂಜಿನ್ನಿನ ಸಪ್ಪಳದ ಮೇಲೆ ಕೇಳಿಸಲಿ ಎಂದು ಕಾಕಾ ಒದರಿ ಒದರಿ ಹೇಳುತ್ತಿದ್ದ. ಹಾಗಾಗಿ ಆ ಕೊಲ್ಲಿಯ ಸುದ್ದಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ, ಎದುರಿನ ಚಹಾದಂಗಡಿಗೂ, ಬಸ್ಸಿನೊಳಗೆ ಕೂತು ಬೇರೆ ಊರಿಗೆ ಹೋಗುವವರಿಗೂ ಪುಕ್ಕಟೆ ಸಿಗುತ್ತಿತ್ತು. ಕೆಲವರು ಕಥೆ ತಪ್ಪಿಸಲು ಕುಂದಗೋಳಕ್ಕೆ ಹೋಗಿ ಹಿಟ್ಟು ಬೀಸಿಕೊಂಡು ಬರತೊಡಗಿದರು.

ಎಣ್ಣೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಕೊಲ್ಲಿಯಲ್ಲಿ ಕಾಕಾನಿಗೆ ದಿನಾ ಉಣಿಸಿದ ಒಬ್ಬ ಮುದುಕಿ ಹೊರಡುವಾಗ ಒಂದು ಬಾಟಲಿ ಎಣ್ಣೆ ಕೊಟ್ಟಿದ್ದಳಂತೆ, ಅವಳದೇ ಗಿಡದ್ದು. ಅದನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದ. ತನ್ನ ಮದುವೆಯ ಮರುದಿನ ಮನೆಮಂದಿಯನ್ನೆಲ್ಲ ಸಾಲಾಗಿ ಕೂಡಿಸಿ ಆ ಊಟ ಮಾಡಿಸಬೇಕೆಂಬುದು ಅವನ ಆಸೆ. ಅಷ್ಟರಲ್ಲಿ ನನ್ನ ತಮ್ಮ ಹುಟ್ಟಿದ. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಆಯಿಗೆ ಮೊಮ್ಮಗನ ಎಣ್ಣೆ-ನೀರಿನದೇ ಧ್ಯಾನ. ಆಲಿವ್ ಎಣ್ಣೆ ಎಂದರೆ ಕೂಸಿನ ಮೈಗೆ ಹಚ್ಚುವುದು, ಸಣ್ಣ ಡಬ್ಬಿಯಲ್ಲಿ ಔಷಧದಂಗಡಿಯಲ್ಲಿ ಸಿಗುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು. ಅಂಥ ಎಣ್ಣೆ ಮನೆಯ ಟ್ರಂಕಿನಲ್ಲಿ ಬಾಟಲಿಗಟ್ಟಲೆ ಇರುವಾಗ ಅಂಗಡಿಗೆ ಯಾಕೆ ಹೋಗಬೇಕು? ಕಾಕಾ ಒಂದು ದಿನ ಟ್ರಂಕು ತೆರೆದರೆ ಬಾಟಲಿ ಬರಿದು. ಭೂಮಧ್ಯ ಸಮುದ್ರವೆಲ್ಲ ನನ್ನ ತಮ್ಮನ ತೊಡೆಸಂದಿಯಲ್ಲಿ ಇಂಗಿಹೋಗಿತ್ತು.

"ತಿನ್ನೂ ಎಣ್ಣೀನ ಕೂಸಿಗೆ ಹಚ್ಚೀದಿಯಲ್ಲಬೇ ಅವ್ವಾ" ಎಂದ ಕಾಕಾ, ಅಳುವ ಹಾಗೆ. ಆಯಿ ಕೂಸಿನ ಕಾಲು ನೀವುತ್ತಲೇ, "ಹಚ್ಚೂ ಎಣ್ಣೀನ ಅವರು ತಿಂದ್ರ ನಾ ಏನ್ ಮಾಡ್ಲಿ" ಎಂದಳು. ಕಾಕಾ ಕೂಸಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಅದರ ನೆತ್ತಿ ಮೂಸಿ ನೋಡಿದ. ಬಹಳ ಹೊತ್ತು ಹಾಗೇ ಕೂತಿದ್ದ. ನನಗೆ ನಗು ಬಂತು, ಆಮೇಲೆ ಯಾಕೋ ನಗಲಾಗಲಿಲ್ಲ.

ಅದಿರಲಿ, ಮದುವೆಯ ಆಸೆ ಎಂದೆನಲ್ಲ, ನಿಜವಾದ ಕಷ್ಟ ಅಲ್ಲಿತ್ತು. ಕಾಕಾನಿಗೆ ಮೂವತ್ತು ದಾಟಿತ್ತು. ಗಿರಣಿ ಇದೆ, ಹೊಲ ಇದೆ, ಕುಡಿತ ಇಲ್ಲ, ಇಸ್ಪೀಟು ಇಲ್ಲ. ಆದರೂ ಹೆಣ್ಣು ಸಿಗಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಮೀನು-ಮಾಂಸ ಹೊಸ್ತಿಲು ದಾಟಿದ್ದಿಲ್ಲ. ಬೀಗರಾಗಲು ಬರುವವರೂ ಅಂಥವರೇ. ಹಡಗಿನಲ್ಲಿದ್ದ ಹುಡುಗ ಎಂದ ಕೂಡಲೇ ಅವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಏನೇನು ತಿಂದಿದ್ದಾನೋ? ಅಣ್ಣಿಗೇರಿಯಿಂದ ಬಂದವರು ಬಹಳ ನಯವಾಗಿ ಹಡಗಿನ ಮೇಲೆ ಊಟದ ವ್ಯವಸ್ಥೆ ಹೇಗಿತ್ತೆಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ ಅನ್ನ-ಸಾರು ಎಂದು ಮುಗಿಸುತ್ತಿದ್ದರು. ಕಾಕಾ ಕಣ್ಣು ಅರಳಿಸಿ, ಹಡಗಿನ ಊಟ ಬಿಡಿ, ಊಟ ಎಂದರೆ ಆ ಕೊಲ್ಲಿಯದು ಎಂದು ಶುರು ಮಾಡಿದ. ದೋಣಿ ಬಂತು, ಬಲೆ ಬಂತು, ಬೆಳ್ಳಂಬೆಳಗ್ಗೆ ಬಲೆಯಿಂದ ಬಿಡಿಸಿ ಬುಟ್ಟಿಗೆ ತುಂಬುವ ಮೀನು ಬಂತು. ಅಪ್ಪ ಎದುರು ಕೂತು ಕಣ್ಣು ಕಿಸಿದ, ಕೆಮ್ಮಿದ, ಕೊನೆಗೆ ಎದ್ದು ಹೋಗಿ ಎಮ್ಮೆಗೆ ಬೈದ. ಅವರು ಹೇಳಿ ಕಳಿಸುತ್ತೇವೆಂದು ಹೋದರು. ನಮ್ಮ ಕಡೆ ಹೇಳಿ ಕಳಿಸುತ್ತೇವೆ ಎಂದರೆ ಇನ್ನು ಹೇಳುವುದೇನೂ ಇಲ್ಲ ಎಂದು ಅರ್ಥ. ನವಲಗುಂದದ ಕಡೆಯ ಇನ್ನೊಂದು ಸಂಬಂಧವಂತೂ ನೋಡಲಿಕ್ಕೂ ಬರಲಿಲ್ಲ. ಗಿರಣಿಯ ಸುದ್ದಿ ಅಲ್ಲಿಗೆ ಮೊದಲೇ ಮುಟ್ಟಿತ್ತು.

ಇಷ್ಟಾದರೂ ನಮ್ಮ ಮನೆಯಲ್ಲಿ ಒಬ್ಬರೂ ಕಾಕಾನನ್ನು ಎದುರು ಕೂಡಿಸಿ, ನೀನು ತಿಂದಿದ್ದೀಯೋ ಇಲ್ಲವೋ ಎಂದು ಕೇಳಲಿಲ್ಲ. ಕೇಳಿದರೆ ಅವನು ಉತ್ತರ ಹೇಳಿಬಿಡುತ್ತಾನೆ ಎಂಬ ಹೆದರಿಕೆ ಎಲ್ಲರಿಗೂ ಇತ್ತು.

ಆ ವರ್ಷ ನಾನು ಹೈಸ್ಕೂಲಿನಲ್ಲಿದ್ದೆ. ಒಂದು ಮುಂಜಾನೆ ಪಡಸಾಲೆಯಲ್ಲಿ ಅಡ್ಡಾಡುತ್ತ ಭೂಗೋಳ ಬಾಯಿಪಾಠ ಮಾಡುತ್ತಿದ್ದೆ. ಮೃತ ಸಮುದ್ರದಲ್ಲಿ ಉಪ್ಪಿನ ಅಂಶ ಹೆಚ್ಚಾಗಿರುವುದರಿಂದ ಅಲ್ಲಿ ಜಲಚರಗಳು ಬದುಕುವುದಿಲ್ಲ, ಮೃತ ಸಮುದ್ರದಲ್ಲಿ ಉಪ್ಪಿನ ಅಂಶ ಹೆಚ್ಚಾಗಿರುವುದರಿಂದ. ಅಪ್ಪ ದಾಡಿ ಮಾಡಿಕೊಳ್ಳುತ್ತಿದ್ದವನು ಕತ್ತಿ ಹಿಡಿದ ಕೈ ಹಾಗೇ ನಿಲ್ಲಿಸಿ, ಜಲಚರ ಎಂದರೆ ಏನು ಎಂದ. ಮೀನು ಗೀನು ಎಂದೆ. ಅದು ನಿಮ್ಮ ಕಾಕಾ ಹೋದ ಸಮುದ್ರದಿಂದ ಎಷ್ಟು ದೂರ ಎಂದ. ನಾನು ನಕ್ಷೆ ತೆರೆದು ಬೆರಳಿಟ್ಟು ತೋರಿಸಿದೆ. ನಡುವೆ ಒಂದು ಬೆರಳಿನ ಉಗುರಿನಷ್ಟು ಜಾಗ.

"ಇಷ್ಟs? ಹಂಗಾರ ಎರಡೂ ಒಂದs ಅಂತ ತಿಳಕೊ" ಎಂದ ಅಪ್ಪ. ಅರ್ಧ ಮುಖದ ಸಾಬೂನು ಒಣಗುತ್ತಿದ್ದರೂ ಅವನು ಬಹಳ ದಿನದ ಮೇಲೆ ನಕ್ಕ.

ಹೀಗೆ ಭೂಮಧ್ಯ ಸಮುದ್ರದ ಮೀನುಗಳೆಲ್ಲ ಒಂದೇ ಮುಂಜಾನೆ ಸತ್ತುಹೋದವು. ಆ ಸಮುದ್ರದಲ್ಲಿ ಉಪ್ಪು ವಿಪರೀತ, ಮೀನು ಅನ್ನುವುದೇ ಇಲ್ಲ, ಆದ್ದರಿಂದ ಅಲ್ಲಿಯ ಮಂದಿ ನಮ್ಮ ಹಾಗೆ ರೊಟ್ಟಿ-ಪಲ್ಯದವರು ಎಂದು ಅಪ್ಪ ಮೊದಲು ಚಹಾದಂಗಡಿಯಲ್ಲಿ ಹೇಳಿದ. ನೀವು ನಂಬಲಿಕ್ಕಿಲ್ಲ, ಊರು ನಂಬಿತು. ನಂಬದೆ ಏನು ಮಾಡೀತು? ನಮ್ಮೂರಿನ ಕೆರೆ ಯುಗಾದಿಗೆ ಮೊದಲೇ ಒಣಗಿ ಅದರಲ್ಲಿ ಹುಡುಗರು ಚಿಣ್ಣಿ-ದಾಂಡು ಆಡುತ್ತಿದ್ದರು. ನೀರೆಂದರೆ ನಮಗೆ ಬಾವಿಯ ತಳದಲ್ಲಿ ಇರುವುದು ಅಥವಾ ಇಲ್ಲದಿರುವುದು. ಅದರೊಳಗೆ ಇನ್ನೇನೋ ಬದುಕುತ್ತದೆ, ಬದುಕಲೇಬೇಕು ಎಂಬ ಗೊಡವೆಯೇ ನಮಗಿರಲಿಲ್ಲ. ಗಿರಣಿಯ ಹೆಣ್ಣುಮಕ್ಕಳು ತಮ್ಮದೂ ಒಂದಿಷ್ಟು ಸೇರಿಸಿದರು. ಆ ನೀರಲ್ಲಿ ಅಕ್ಕಿ ಹಾಕಿದರೆ ಉಪ್ಪು ಹಾಕುವುದೇ ಬೇಡವಂತೆ ಎಂದು ಒಬ್ಬಾಕೆ ನಮ್ಮ ಅವ್ವನಿಗೇ ಹೇಳಿದಳು.

ಒಪ್ಪದವನು ಕಾಕಾ ಒಬ್ಬನೇ. ಸಂಜೆ ಗಿರಣಿ ಮುಚ್ಚಿ ಬಂದು ಮೈಮೇಲಿನ ಹಿಟ್ಟನ್ನೂ ಝಾಡಿಸದೆ ಅಪ್ಪನ ಎದುರು ನಿಂತ. ದೋಣಿ ಯಾಕೆ ಇದ್ದವು ಎಂದು ಕೇಳಿದರೆ ಏನು ಹೇಳಲಿ ಎಂದ. ಉಪ್ಪು ತರಲು ಎಂದು ಹೇಳು ಎಂದ ಅಪ್ಪ. ಬಲೆ? ಬಲೆಯ ಸುದ್ದಿ ಎತ್ತಬೇಡ.

"ಅಣ್ಣಾ, ಆ ಮಂದಿ ಮೀನಿನ ಮ್ಯಾಲ ಹೊಟ್ಟಿ ಹೊರಕೊಂಡಾರ. ಅದನ್ನs ತಗದ್ರ ಅವರದು ಏನ್ ಉಳೀತು?"

"ಅವರ ಹೊಟ್ಟಿ ಚಿಂತಿ ನಿನಗ ಬ್ಯಾಡಲೇ. ಮೊದಲ ನಿನ್ನ ಒಲಿ ಹತ್ಲಿ."

ಆಯಿ ಒಳಗಿನಿಂದ, ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ನಾವು ಹೇಳುತ್ತಿರುವುದು ಒಂದೇ, ಅದಕ್ಕೂ ಇವನಿಗೆ ಹೊಟ್ಟೆನೋವು ಎಂದು ಗೊಣಗಿದಳು. ಅಂದಿನಿಂದ ಕಾಕಾ ಆ ಕೊಲ್ಲಿಯ ಮಾತು ಬಿಟ್ಟ. ಗಿರಣಿಯಲ್ಲಿ ಎಂಜಿನ್ನಿನ ಸಪ್ಪಳ ಮಾತ್ರ. ಅವ್ವ ಮಾಡಿದ್ದನ್ನು ಮಾಡಿದ ಹಾಗೆ ಉಂಡು ಏಳತೊಡಗಿದ. ಇಷ್ಟು ವರ್ಷ ನಾವು ಬೇಡಿದ್ದು ಇದನ್ನೇ. ಸಿಕ್ಕ ಮೇಲೆ ಅದೂ ಒಂದು ಪೀಡೆಯಾಯಿತು. ಬಾಯಿ ಮುಚ್ಚಿಕೊಂಡ ಕಾಕಾನನ್ನು ನೋಡಿದರೆ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆ ಅನ್ನಿಸುತ್ತಿತ್ತು. ಅವ್ವನೇ ಒಂದು ದಿನ ತಡೆಯಲಾರದೆ ಟೊಮೆಟೊ ಹೆಚ್ಚಿ ಅವನ ಮುಂದಿಟ್ಟಳು. ಅವನು ಅದನ್ನು ಪಲ್ಯದಲ್ಲಿ ಕಲಸಿಕೊಂಡು ತಿಂದ. ಅವ್ವನಿಗೆ ಇನ್ನೂ ಸಿಟ್ಟು ಬಂತು.

ಅಷ್ಟರಲ್ಲಿ ಕಲಘಟಗಿ ಕಡೆಯ ದುಮ್ಮವಾಡದಿಂದ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಕಸ್ತೂರಿ. ಅವಳ ಸೋದರತ್ತೆಯನ್ನು ನಮ್ಮ ಸಂಶಿಗೇ ಕೊಟ್ಟಿತ್ತು, ಅವರ ಮೂಲಕ ಮಾತು ಬಂದದ್ದು. ಇದೂ ತಪ್ಪಿದರೆ ಇನ್ನು ಇವನಿಗೆ ಹೆಣ್ಣು ಕೊಡುವವರು ಹುಟ್ಟಿಬರಬೇಕು ಎಂದು ಆಯಿ ಕಣ್ಣೀರು ಹಾಕಿದಳು. ನೋಡಲು ಅಪ್ಪ, ಆಯಿ, ಕಾಕಾ ಹೋಗುವುದೆಂದಾಯಿತು. ಮೂರು ಮಂದಿ ಹೋದರೆ ಕೆಲಸ ಕೆಡುತ್ತದೆ ಎಂದು ನಾಲ್ಕನೆಯವಳಾಗಿ ನನ್ನನ್ನೂ ಸೇರಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ ಕಾಕಾನಿಗೆ ಪಾಠ ಹೇಳಿದ. ಕೇಳಿದ್ದಕ್ಕೆ ಹೌದು, ಇಲ್ಲ. ಸಮುದ್ರದ ಮಾತು ಬಂದರೆ ಹೇಳುವವನು ನಾನು.

ಹುಬ್ಬಳ್ಳಿ ದಾಟಿ ಕಲಘಟಗಿ ಸೀಮೆ ಹತ್ತಿದ ಮೇಲೆ ನೆಲ ಕೆಂಪಾಯಿತು, ಬತ್ತದ ಗದ್ದೆಗಳು ಕಂಡವು. ಊರು ಹತ್ತಿರ ಬಂದಂತೆ ಬಸ್ಸಿನ ಕಿಟಕಿಯಲ್ಲಿ ನೀರು ಕಾಣಿಸಿತು. ಕೆರೆ ಎಂದರೆ ಅದು ಕೆರೆ, ಆಚೆ ದಂಡೆ ಮಸುಕಾಗಿ ಕಾಣುವಷ್ಟು ದೊಡ್ಡದು. ನಡುವೆ ಯಾರೋ ತೆಪ್ಪದ ಮೇಲೆ ನಿಂತು ಬಲೆ ಬೀಸುತ್ತಿದ್ದರು. ಕಾಕಾ ಅದನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿದ. ಅಪ್ಪ ನೋಡಲಿಲ್ಲ, ಅವನು ಟಿಕೆಟ್ಟಿನ ಚಿಲ್ಲರೆಗಾಗಿ ಕಂಡಕ್ಟರನ ಜೊತೆ ಜಗಳಾಡುತ್ತಿದ್ದ. ನೋಡಿದ್ದರೆ ಅಲ್ಲೇ ಇಳಿದು ತಿರುಗಿ ಬರುತ್ತಿದ್ದನೇನೋ.

ಕಸ್ತೂರಿಯ ಮನೆ ಕೆರೆಯ ಏರಿಗೆ ಹತ್ತಿಕೊಂಡೇ ಇತ್ತು. ಅವಳ ಅಪ್ಪ ಮಿತಮಾತಿನ, ಗಟ್ಟಿ ಮನುಷ್ಯ. ಅಜ್ಜಿಯೊಬ್ಬಳು ಕಂಬಕ್ಕೊರಗಿ ಕೂತಿದ್ದಳು. ಕಸ್ತೂರಿ ಅವಲಕ್ಕಿಯ ತಾಟುಗಳನ್ನು ತಂದಿಟ್ಟು, ಆಯಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಒಳಬಾಗಿಲಿನ ಹತ್ತಿರ ನಿಂತಳು. ನನಗೆ ಅವಳು ಹಿಡಿಸಿದಳು. ಉತ್ತರ ಹೇಳುವಾಗ ನೆಲ ನೋಡಲಿಲ್ಲ. ಕಾಕಾ ಮಾತ್ರ ತಲೆ ಬಗ್ಗಿಸಿ ಅವಲಕ್ಕಿಯೊಳಗಿನ ಶೇಂಗಾ ಎಣಿಸುತ್ತ ಕೂತಿದ್ದ. ಅವಳ ಅಪ್ಪ ನಾವು ನಿರೀಕ್ಷಿಸಿದ ಪ್ರಶ್ನೆಯನ್ನೇ ಕೇಳಿದರು. ಹುಡುಗ ಪರದೇಶದಲ್ಲಿದ್ದನಂತೆ, ಅಲ್ಲಿಯ ಅನ್ನಾಹಾರ ಹೇಗೆ?

ಅಪ್ಪ ಇದಕ್ಕೇ ಕಾದಿದ್ದ. ಉಪ್ಪಿನಿಂದ ಶುರು ಮಾಡಿ, ಜಲಚರ ಎಂಬ ಶಬ್ದವನ್ನೂ ಒಂದು ಕಡೆ ಸೇರಿಸಿ, ಆ ಸಮುದ್ರದಲ್ಲಿ ಮೀನು ಎಂಬುದು ಹೆಸರಿಗೂ ಇಲ್ಲವೆಂದು ಚೆನ್ನಾಗಿಯೇ ಹೇಳಿದ. ಬೇಕಾದರೆ ನಮ್ಮ ಹುಡುಗಿಯ ಪುಸ್ತಕದಲ್ಲಿದೆ ಎಂದು ನನ್ನ ಕಡೆ ಕೈ ಮಾಡಿದ. ನಾನು ನೀರು ಕುಡಿದೆ. ಕಸ್ತೂರಿಯ ಅಪ್ಪ ತಲೆ ಆಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಹೊರಗೆ ಕೆರೆಯ ದಂಡೆಯಲ್ಲಿ ಯಾರೋ ಮೀನು ಒಣಹಾಕಿದ್ದ ವಾಸನೆ ಗಾಳಿಯ ಜೊತೆ ಒಳಗೆ ಬರುತ್ತಿತ್ತು. ದಿನ ಬೆಳಗಾದರೆ ನೀರು ನೋಡುವ ಮಂದಿಯ ಮುಂದೆ ಅಪ್ಪ ಇಂಥ ಮಾತು ಆಡಿದ್ದ.

ಬಾಗಿಲಿನ ಕಡೆಯಿಂದ ಕಸ್ತೂರಿ ಮಾತಾಡಿದಳು. ನಮ್ಮ ಅಪ್ಪನನ್ನಲ್ಲ, ನೇರ ಕಾಕಾನನ್ನೇ ಕೇಳಿದಳು.

"ದೋಣಿ ಇಡಾಕ ಬಂಡಿಗಲ್ಲಿನ್ಯಾಗ ಖೋಲಿ ಕೊರದಾರಂತ, ಬಾಗಲಕ್ಕೆಲ್ಲಾ ನೀಲಿ ಬಣ್ಣ ಹಚ್ಯಾರಂತ. ನಮ್ಮತ್ತಿ ನಿಮ್ಮ ಗಿರಣ್ಯಾಗ ಕೇಳ್ಯಾಳ. ಮೀನs ಇಲ್ಲಂದ್ರ ಅವರಿಗೆ ಅಷ್ಟೊಂದು ದೋಣಿ ಯಾಕ ಬೇಕಾಗಿದ್ದುವ್ರಿ?"

ಅಪ್ಪ ಉಪ್ಪು ಎಂದು ಬಾಯಿ ತೆರೆದ. ಅಷ್ಟರಲ್ಲಿ ಕಾಕಾ ತಾಟು ಕೆಳಗಿಟ್ಟಿದ್ದ.

"ಮೀನ ಅದಾವ್ರಿ. ಆ ಮಂದಿ ಬದುಕೂದs ಮೀನಿನ ಮ್ಯಾಲ. ನಮ್ಮಣ್ಣ ನನ್ನ ಸಲುವಾಗಿ ಹಂಗ ಹೇಳಿದ. ನಾನೂ ತಿಂದೇನ್ರಿ."

ಆಯಿ ಸೆರಗು ಬಾಯಿಗೊತ್ತಿಕೊಂಡಳು. ಅಪ್ಪ ಗೋಡೆಯ ಮೇಲಿನ ದೇವರ ಪಟವನ್ನು, ಅದರದೇ ತಪ್ಪು ಎಂಬ ಹಾಗೆ ನೋಡತೊಡಗಿದ. ಕಾಕಾ ಮಾತ್ರ ನಿಲ್ಲಿಸಲಿಲ್ಲ. ಆದರೆ ಅದು ನಾವು ಗಿರಣಿಯಲ್ಲಿ ಕೇಳಿದ ದನಿಯಲ್ಲ. ಮೆಲ್ಲಗೆ, ತಡವರಿಸುತ್ತ, ಇಷ್ಟು ವರ್ಷ ನಮಗೆ ಒಮ್ಮೆಯೂ ಹೇಳದೆ ಬಿಟ್ಟದ್ದನ್ನು ಅಲ್ಲಿ, ಗುರುತಿಲ್ಲದವರ ಮನೆಯಲ್ಲಿ ಹೇಳಿದ. ಕೈಸನ್ನೆ ಮಾಡಿ ತನಗೆ ಮೀನು-ಮಾಂಸ ನಡೆಯುವುದಿಲ್ಲ ಎಂದು ತಿಳಿಸಿದ ಮೇಲೆ ಆ ಮುದುಕಿ ದಿನಾ ಅವನಿಗೆ ರೊಟ್ಟಿ, ಟೊಮೆಟೊ, ಎಣ್ಣೆಯನ್ನೇ ಕೊಡುತ್ತಿದ್ದಳು. ಹೊರಡುವ ಹಿಂದಿನ ದಿನ ಕೊಲ್ಲಿಯ ಎಲ್ಲ ಮನೆಯವರೂ ದಂಡೆಯಲ್ಲಿ ಸೇರಿ ದೊಡ್ಡ ಪಾತ್ರೆಯಲ್ಲಿ ಅಡುಗೆ ಮಾಡಿದರು. ತಮ್ಮವರು ದೂರದ ಸಮುದ್ರಕ್ಕೆ ಹೊರಟಾಗ ಮಾಡುವ ಅಡುಗೆಯಂತೆ ಅದು. ಆ ಮುದುಕಿಯ ಮಗ ಹೀಗೇ ಉಂಡು ಹೋದವನು ತಿರುಗಿ ಬಂದಿರಲಿಲ್ಲ. ಅವಳು ದೊಡ್ಡ ತುಂಡನ್ನು ತಾನೇ ಆರಿಸಿ, ಮುಳ್ಳು ಬಿಡಿಸಿ ಕಾಕಾನ ತಾಟಿಗೆ ಹಾಕಿದಳು. ಎಲ್ಲರೂ ಕೈ ನಿಲ್ಲಿಸಿ ಇವನನ್ನೇ ನೋಡುತ್ತಿದ್ದರು.

"ತಾಟ ಸರಿಸಿದ್ರ ಆಕಿಗೆ ಹೆಂಗ ಆಕ್ಕಿತ್ರಿ? ಕೊರಳಾಗಿನ ಲಿಂಗ ಮುಟ್ಟಿಕೊಂಡು ತಪ್ಪಾತಪ್ಪಾ ಅಂದೆ. ತಿಂದೆ."

ನಮ್ಮ ಮನೆಯಲ್ಲಿ ಆ ಕೊಲ್ಲಿಯ ಒಡ್ಡು, ಅಂಜೂರ, ಆಡು, ಗೋಪುರ ಎಲ್ಲವನ್ನೂ ಲೆಕ್ಕವಿಲ್ಲದಷ್ಟು ಸಲ ಯಾಕೆ ಕೇಳಬೇಕಾಯಿತು ಎಂಬುದು ನನಗೆ ಅಲ್ಲಿ ಹೊಳೆಯಿತು. ಈ ಒಂದು ತುತ್ತನ್ನು ಹೇಳಲಾರದೆ ಅದರ ಸುತ್ತಲಿನದನ್ನೆಲ್ಲ ಹೇಳುತ್ತಿದ್ದ ಪುಣ್ಯಾತ್ಮ. ನಮಗೆ ಸಾಕು ಸಾಕಾಗಿಸಿದ್ದಕ್ಕೆ ಅವನ ಮೇಲೆ ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು.

ಕಸ್ತೂರಿ ಇನ್ನೂ ಬಾಗಿಲಲ್ಲೇ ಇದ್ದಳು.

"ಮತ್ತ ಹಾಕಿರಬೇಕಲ್ರಿ ಆಕಿ?"

"ಹಾಂ?"

"ತಾಟ ಖಾಲಿ ಮಾಡಿದ್ರ ಮತ್ತ ಹಾಕದs ಬಿಡತಾರೇನ್ರಿ? ಹಾಕಿರಬೇಕು."

"ಹಾಕಿದಳ್ರಿ" ಎಂದ ಕಾಕಾ.

"ತಿಂದ್ರಿ?"

"ತಿಂದೇನ್ರಿ."

ಕಂಬಕ್ಕೊರಗಿದ್ದ ಅಜ್ಜಿಗೆ ಮೊದಲು ನಗು ಬಂತು. ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳಲೂ ಆಗದೆ ಮೈಯೆಲ್ಲ ಕುಲುಕಿಸಿ ನಕ್ಕಳು. ಉಣ್ಣುವಾಗ ಎರಡನೆಯ ಸಲಕ್ಕೆ ಬೇಡ ಅನ್ನುವುದು ಎಂಥ ಕಷ್ಟ ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆಯಿಯೂ ಸೆರಗಿನೊಳಗೇ ನಕ್ಕಳು. ಅಪ್ಪ ಮಾತ್ರ ಎದ್ದು ಚಪ್ಪಲಿ ಹುಡುಕುವವನ ಹಾಗೆ ಅತ್ತ ಇತ್ತ ನೋಡುತ್ತಿದ್ದ. ಕಸ್ತೂರಿ ಒಳಗೆ ಹೋದಳು, ಅವಲಕ್ಕಿಯ ಪಾತ್ರೆಯನ್ನೇ ಎತ್ತಿಕೊಂಡು ಬಂದಳು, ಬೇಕೋ ಬೇಡವೋ ಎಂದು ಕೇಳದೆ ಕಾಕಾನ ತಾಟಿಗೆ ಇನ್ನೊಂದು ಸೌಟು ಹಾಕಿದಳು. ಅವಳ ಅಪ್ಪ ಮಗಳ ಮುಖ ನೋಡಿದರು, ತಮ್ಮ ತಾಯಿಯ ಮುಖ ನೋಡಿದರು, ಗಡ್ಡ ಕೆರೆದುಕೊಂಡರು.

"ಮೀನಿನ ಸುದ್ದಿ ಮದುವಿ ಮುಗಿಯೂತನಾ ನಮ್ಮ ಬಳಗದ ಮುಂದ ಬ್ಯಾಡ್ರಿ. ಊಟ ಮಾಡಿಕೊಂಡs ಹೋಗ್ರಿ."

ಹೆಣ್ಣು ನೋಡಲು ಹೋದ ಮನೆಯಲ್ಲಿ ಸಂಬಂಧ ಗಟ್ಟಿಯಾಗದೆ ಯಾರೂ ಊಟಕ್ಕೆ ಎಬ್ಬಿಸುವುದಿಲ್ಲ. ಅಪ್ಪನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸಂಜೆಯ ಬಸ್ಸಿನಲ್ಲಿ ಆಯಿ ಮತ್ತು ನಾನು ಮುಂದಿನ ಸೀಟಿನಲ್ಲಿ, ಅವರಿಬ್ಬರು ನಮ್ಮ ಹಿಂದೆ. ಆಯಿ ಕೂತ ಕೂಡಲೇ ನಿದ್ದೆ ಹೋದಳು. ಅಪ್ಪ ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ಕೆರೆ ಹಿಂದೆ ಬಿದ್ದು, ಬತ್ತದ ಗದ್ದೆ ಮುಗಿದು, ಕಿಟಕಿಯಾಚೆ ಕತ್ತಲಾಗುತ್ತ ಬಂದಿರುವಾಗ ಅಪ್ಪ ಗಂಟಲು ಸರಿ ಮಾಡಿಕೊಂಡ. ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿದ್ದ.

"ಲೇ ಗುರ್ಯಾ, ಹೆಂಗಿತ್ತಲೇ ಅದು?"

"ಯಾವದಣ್ಣಾ?"

"ಅದs. ಮೀನ."

ಕಾಕಾ ವಿಚಾರ ಮಾಡಿದ. ಅಣ್ಣನಿಗೆ ನೋವಾಗದ ಹಾಗೆ ಒಂದು ಉತ್ತರ ಹುಡುಕುತ್ತಿದ್ದ ಎಂದು ಕಾಣುತ್ತದೆ.

"ಏನಿಲ್ಲ ಬಿಡಣ್ಣಾ, ಸಪ್ಪಗಿತ್ತು. ನಮ್ಮ ವೈನಿ ಮಾಡೂ ಎಣಗಾಯಿ ಮುಂದ ಅದೇನೂ ಅಲ್ಲ."

"ಸುಳ್ಳ ಹೇಳಬ್ಯಾಡ" ಎಂದ ಅಪ್ಪ.